ಹೆಲಿಕಾಪ್ಟರಿನಿಂದ ವಿಮಾನಕ್ಕೆ: ಹಳೆಯ ಕಲಿಕೆಯ ಬೆಲೆ

(ಶಾಲಾ ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾಸರಗೋಡಿನ ಈ ಮಣ್ಣಿನಲ್ಲಿ ನೂರು ವರ್ಷ ಕನ್ನಡದಲ್ಲಿ ಪಾಠ ಹೇಳಿದ ಶಾಲೆಯ ಅಂಗಳದಲ್ಲಿ ನನಗೆ ವಹಿಸಿದ ವಿಷಯ 'ವೃತ್ತಿ ಮತ್ತು ಮರುಕಲಿಕೆ'. ಅದಕ್ಕೆ ನಾನು ಆಯ್ದುಕೊಂಡ ಉದಾಹರಣೆ ತುಸು ದೂರದ್ದು. ಅಮೆರಿಕದ ಸೈನ್ಯದಲ್ಲಿ ಹೆಲಿಕಾಪ್ಟರ್ ನಡೆಸಿದವರು ಪ್ರಯಾಣಿಕ ವಿಮಾನಗಳ ಪೈಲಟರಾಗುವ ಬಗೆಯನ್ನು ಕುರಿತು ಹೇಳುತ್ತೇನೆ. ಒಂದು ಮಾಧ್ಯಮದಲ್ಲಿ ಪಳಗಿದವರು ಇನ್ನೊಂದಕ್ಕೆ ಹೋದಾಗ ಹಳೆಯ ಕಲಿಕೆಗೆ ಬೆಲೆಯೇನು ಎಂಬ ಪ್ರಶ್ನೆಗೆ ಅಲ್ಲಿ ಗಂಟೆಗಳ ಲೆಕ್ಕದಲ್ಲಿಯೇ ಉತ್ತರ ದೊರೆಯುತ್ತದೆ.

ಎರಡೂ ಹಾರುವ ಯಂತ್ರಗಳೇ. ಆದರೆ ಸ್ವಭಾವ ಬೇರೆ. ವಿಮಾನದ ರೆಕ್ಕೆ ಸ್ಥಿರವಾದದ್ದು. ಅದರ ಮೇಲೆ ಗಾಳಿ ಹರಿಯಬೇಕಾದರೆ ಇಡೀ ವಿಮಾನವೇ ಮುಂದಕ್ಕೆ ಧಾವಿಸಬೇಕು. ಹೆಲಿಕಾಪ್ಟರಿನಲ್ಲಿ ರೆಕ್ಕೆಯೇ ತಿರುಗುವುದರಿಂದ ಅದು ಆಕಾಶದಲ್ಲಿ ನಿಂತಲ್ಲೇ ನಿಲ್ಲಬಲ್ಲುದು. ಅಲ್ಲಿ ಎಡಗೈಯ ಸನ್ನೆಗೋಲು ಏರಿಳಿತಕ್ಕೆ, ಬಲಗೈಯ ಹಿಡಿಗೋಲು ಚಲನೆಯ ದಿಕ್ಕಿಗೆ, ಕಾಲುಗಳು ಬಾಲದ ರೋಟರಿಗೆ. ಮುಖ್ಯ ಪೈಲಟರ ಆಸನ ಹೆಲಿಕಾಪ್ಟರಿನಲ್ಲಿ ಸಾಮಾನ್ಯವಾಗಿ ಬಲಗಡೆ, ವಿಮಾನದಲ್ಲಿ ಎಡಗಡೆ. ಹೆಲಿಕಾಪ್ಟರು ವೇಗವನ್ನು ಬಹುಮಟ್ಟಿಗೆ ಸೊನ್ನೆಗೆ ತಂದು ನೆಲ ಮುಟ್ಟುತ್ತದೆ. ದೊಡ್ಡ ಜೆಟ್ ವಿಮಾನ ಗಂಟೆಗೆ 200 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಮುಟ್ಟುತ್ತದೆ. ಹಾರಾಟದಲ್ಲಿ ವೇಗ ಕುಂದುವುದು ಒಬ್ಬರಿಗೆ ನಿತ್ಯದ ಕೆಲಸ, ಇನ್ನೊಬ್ಬರಿಗೆ ಪ್ರಾಣಾಪಾಯ.

ಈ ಅಪಾಯ ಎಂಥದೆಂಬುದನ್ನು 2009ರ ಫೆಬ್ರವರಿಯ ದುರಂತ ತೋರಿಸಿಕೊಟ್ಟಿತು. ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಬಿದ್ದು, ನೆಲದ ಮೇಲಿದ್ದ ಒಬ್ಬರೂ ಸೇರಿ 50 ಮಂದಿ ಮಡಿದರು. ವೇಗ ಕುಂದಿದಾಗ ವಿಮಾನದ ಮೂತಿಯನ್ನು ತಗ್ಗಿಸುವುದಕ್ಕೆ ಬದಲಾಗಿ ಮೇಲಕ್ಕೆತ್ತಲಾಗಿತ್ತು ಎಂದು ತನಿಖೆ ಕಂಡುಕೊಂಡಿತು. ಆ ಬಳಿಕ ಬಂದ ಕಾನೂನಿನಂತೆ 2013ರಿಂದ ಸಹಪೈಲಟರಿಗೂ ವಿಮಾನಸಾರಿಗೆಯ ಉನ್ನತ ಪರವಾನಗಿ ಕಡ್ಡಾಯವಾಯಿತು. ಅದಕ್ಕೆ ಒಟ್ಟು 1,500 ಗಂಟೆಗಳ ಹಾರಾಟ ಬೇಕು. ಸೈನ್ಯದಲ್ಲಿ ತರಬೇತಾದವರು 750 ಗಂಟೆ ಪೂರೈಸಿದ್ದರೆ, ಸಹಪೈಲಟರಾಗಿ ಮಾತ್ರ ದುಡಿಯಲು ಅವಕಾಶವಿರುವ ಪರವಾನಗಿ ಪಡೆಯಬಹುದು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಹೆಲಿಕಾಪ್ಟರಿನಲ್ಲಿ ಹಾರಿದ ಗಂಟೆಗಳೂ ಈ ಒಟ್ಟು ಲೆಕ್ಕಕ್ಕೆ ಸಲ್ಲುತ್ತವೆ. ಮೋಡವನ್ನು ಓದುವುದು, ರೇಡಿಯೋದಲ್ಲಿ ಚುಟುಕಾಗಿ ಮಾತಾಡುವುದು, ಸಂಕಟದಲ್ಲಿ ಧೃತಿಗೆಡದಿರುವುದು ಯಾವ ಯಂತ್ರದಲ್ಲಿ ಕಲಿತರೂ ವಿದ್ಯೆಯೇ. ಎರಡನೆಯದಾಗಿ, ಕನಿಷ್ಠ 250 ಗಂಟೆ ವಿಮಾನದಲ್ಲಿಯೇ, ಹೊಣೆ ಹೊತ್ತ ಪೈಲಟರಾಗಿ ಹಾರಿರಬೇಕು. ಇದರಲ್ಲಿ ರಿಯಾಯಿತಿಯಿಲ್ಲ. ಏಕೆಂದರೆ ಕೈಗೆ ಹತ್ತಿದ ರೂಢಿಯನ್ನು ತಿದ್ದಬೇಕು. ಎಂಜಿನ್ ಕೈಕೊಟ್ಟಾಗ ಹೆಲಿಕಾಪ್ಟರಿನಲ್ಲಿ ಎಡಗೈಯ ಸನ್ನೆಗೋಲನ್ನು ತಕ್ಷಣ ತಗ್ಗಿಸಿ ರೋಟರಿನ ತಿರುಗುವಿಕೆಯನ್ನು ಕಾಯುತ್ತಾರೆ. ಒಂದೇ ಎಂಜಿನಿನ ಸಣ್ಣ ವಿಮಾನದಲ್ಲಿ ಮೂತಿಯನ್ನು ತಗ್ಗಿಸಿ ವಿಮಾನದ ವೇಗವನ್ನು ಕಾಯಬೇಕು. ಯೋಚಿಸಲು ಬಿಡುವಿಲ್ಲದ ಆ ಗಳಿಗೆಗೆ ಅಭ್ಯಾಸವೊಂದೇ ಆಸರೆ.

ಆದರೆ ಆ 250 ಗಂಟೆಗಳಿಗೆ ಹಣ ಬೇಕು. ಸಣ್ಣ ವಿಮಾನದ ಬಾಡಿಗೆ, ಇಂಧನ, ಶಿಕ್ಷಕರ ಶುಲ್ಕ ಎಲ್ಲವನ್ನೂ ಸ್ವಂತವಾಗಿ ಭರಿಸಲಾರದ ಸಮರ್ಥರು ಈಚೆ ದಡದಲ್ಲಿಯೇ ಉಳಿಯುತ್ತಿದ್ದರು. 2010ರ ದಶಕದ ಉತ್ತರಾರ್ಧದಲ್ಲಿ ಪೈಲಟರ ಕೊರತೆ ಕಾಡಿದಾಗ, ಅಲ್ಲಿನ ಹಲವು ಪ್ರಾದೇಶಿಕ ವಿಮಾನ ಸಂಸ್ಥೆಗಳು ಆ ವೆಚ್ಚಕ್ಕೆ ನೆರವಾಗುವ ಯೋಜನೆಗಳನ್ನು ತೆರೆದವು. ಜನರ ಯೋಗ್ಯತೆ ಮೊದಲೂ ಇತ್ತು. ಸೇತುವೆ ಮಾತ್ರ ಆಗ ಬಂತು.

ದಾಟಿದ ಮೇಲೂ ವಿನಯ ಬೇಕು. ಅಲ್ಲಿನ ವಿಮಾನ ಸಂಸ್ಥೆಗಳಲ್ಲಿ ಹಿರಿತನ ಸೇರಿದ ದಿನಾಂಕದಿಂದ ಲೆಕ್ಕವಾಗುವುದರಿಂದ, ಸೈನ್ಯದಲ್ಲಿ ಮುಖ್ಯ ಪೈಲಟರಾಗಿದ್ದವರೂ ಪಟ್ಟಿಯ ತುದಿಯಲ್ಲಿ ನಿಲ್ಲಬೇಕು. ಇನ್ನು, ಗಂಟೆಗಳ ಮೊತ್ತವೊಂದೇ ರಕ್ಷಣೆಯೂ ಅಲ್ಲ. ಬಫಲೋ ವಿಮಾನದ ಇಬ್ಬರು ಪೈಲಟರಿಗೂ 1,500 ಗಂಟೆಗೂ ಮಿಕ್ಕಿದ ಅನುಭವವಿತ್ತು. ಕಲಿತದ್ದು ಸಮಯಕ್ಕೆ ಒದಗುವಂತೆ ಕಲಿಯುವುದು ಮುಖ್ಯ.

ಈಗ ನಮ್ಮ ಮಕ್ಕಳ ಕಡೆ ನೋಡೋಣ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವರು ಪ್ಲಸ್ ವನ್ ತರಗತಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಆ ದಿನದ ಭಯದಿಂದ ಒಂದನೆಯ ತರಗತಿಗೇ ಮಗುವನ್ನು ಬೇರೆಡೆ ಸೇರಿಸುವ ಹೆತ್ತವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಭಾಷಾಭಿಮಾನದ ಮಾತಿನಿಂದ ಅದು ನೀಗುವುದೂ ಇಲ್ಲ. ಆದರೆ ಕನ್ನಡದಲ್ಲಿ ಅರ್ಥವಾದ ಗುರುತ್ವಾಕರ್ಷಣೆ, ಕನ್ನಡದಲ್ಲಿ ಬಿಡಿಸಿದ ಸಮೀಕರಣ ಅವರ ಒಟ್ಟು ಗಂಟೆಗಳಲ್ಲಿ ಸೇರಿಯೇ ಇವೆ. ಕೊರತೆಯಿರುವುದು ದಾಟುವ ಗಂಟೆಗಳದು. ಅಂತಾರಾಷ್ಟ್ರೀಯ ಹಾರಾಟದ ಪೈಲಟರಿಗೂ ಇಂಗ್ಲಿಷ್ ಸಾಮರ್ಥ್ಯದ ಆರು ಹಂತಗಳಲ್ಲಿ ನಾಲ್ಕನೆಯದು ಕನಿಷ್ಠ ಅರ್ಹತೆ. ಅರ್ಥಕ್ಕೆ ಅಡ್ಡಿಯಾಗದಷ್ಟು ಕಾಲ ತಾಯ್ನುಡಿಯ ಉಚ್ಚಾರದ ಛಾಯೆ ಅಲ್ಲಿ ಅನರ್ಹತೆಯಲ್ಲ.

ಆದುದರಿಂದ ಹಳೆ ವಿದ್ಯಾರ್ಥಿ ಸಂಘದ ಮುಂದೆ ನನ್ನದೊಂದು ಬಿನ್ನಹ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪ್ಲಸ್ ವನ್ ಆರಂಭವಾಗುವ ನಡುವಣ ರಜೆಯಲ್ಲಿ, ಪ್ರತಿವರ್ಷ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಕಲಿಸುವ, ಇಂಗ್ಲಿಷಿನಲ್ಲಿ ಉತ್ತರ ಬರೆಯಿಸುವ ತರಗತಿಗಳನ್ನು ಉಚಿತವಾಗಿ ನಡೆಸಿರಿ. ನಿಮ್ಮಲ್ಲಿ ಆ ಹಾದಿಯನ್ನು ದಾಟಿ ವೈದ್ಯರೂ ಎಂಜಿನಿಯರರೂ ಅಧ್ಯಾಪಕರೂ ಆದವರಿದ್ದೀರಿ. ಎಡವುವ ಜಾಗ ಯಾವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಶತಮಾನೋತ್ಸವದ ನಿಧಿಯಿಂದ ಒಂದು ಪಾಲನ್ನು ಇದಕ್ಕಾಗಿ ತೆಗೆದಿರಿಸಿದರೆ, ಬರುವ ಜೂನಿನಲ್ಲಿ ಈ ಶಾಲೆಯ ಬಾಗಿಲಿಗೆ ಮಗುವಿನ ಕೈಹಿಡಿದು ಬರುವ ತಾಯಿಯೊಬ್ಬಳಿಗೆ ನಾವು ಧೈರ್ಯವಾಗಿ ಉತ್ತರ ಹೇಳಬಹುದು.