ಮನೆಯಲ್ಲಿ ವೆಲ್ಡಿಂಗ್ ಕಲಿಯುವವರಿಗೆ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ವೆಲ್ಡಿಂಗ್ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಹೂವಿನ ಹಿಪ್ಪರಗಿಯಂಥ ಊರಿನಲ್ಲಿ ಕುಂಟೆಯ ಕುಡ ಮುರಿದರೂ ಗೇಟಿನ ಕೀಲು ಕಿತ್ತರೂ ವೆಲ್ಡಿಂಗ್ ಅಂಗಡಿಯ ದಾರಿ ಹಿಡಿಯುತ್ತೇವೆ. ಅದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ ಐ.ಟಿ.ಐ.ಯಲ್ಲಿ ಒಂದು ವರ್ಷದ ತರಬೇತಿ ಉಂಟು. ನಾನು ಹೇಳಹೊರಟಿರುವುದು ಬೇರೆಯವರಿಗೆ. ಬಿಡುವಿನ ವೇಳೆಯಲ್ಲಿ ಹಿತ್ತಲಲ್ಲಿ ಕುಳಿತು ಹವ್ಯಾಸಕ್ಕೆಂದು ಕಲಿಯಬಯಸುವ ಶಿಕ್ಷಕರಿಗೆ, ಗುಮಾಸ್ತರಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ. ಓದಿದವರಿಗೆ ಕೈಕೆಲಸ ತಕ್ಕುದಲ್ಲ ಎಂಬ ಭಾವನೆಯನ್ನು ನಾನಂತೂ ಒಪ್ಪುವುದಿಲ್ಲ.

ಕಬ್ಬಿಣ ಬೆಸೆಯುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಎಲ್ಲರೂ ನೋಡಿದ್ದೀರಿ. ಅದು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಆದರೆ 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜಿನ ಮೇಲಿರುವ ಉದ್ದನೆಯ ತೋಪನ್ನು ಹತ್ತಿರದಿಂದ ನೋಡಿ. ಸುಮಾರು 30 ಅಡಿ ಉದ್ದದ ಆ ತೋಪು ಎರಕದ್ದಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆಗಳನ್ನು ಬಿಗಿದು ಮಾಡಿದ್ದು. ಆ ಕಾಲದಲ್ಲಿ ಕುಲುಮೆ ಮತ್ತು ಸುತ್ತಿಗೆಯಿಂದ ಮಾಡುತ್ತಿದ್ದ ಬೆಸುಗೆಯನ್ನು ಇಂದು ವಿದ್ಯುತ್ ಕಿಡಿ ಮಾಡುತ್ತದೆ.

ಹಿಂದೆ ವೆಲ್ಡಿಂಗ್ ಯಂತ್ರವೆಂದರೆ ಇಬ್ಬರು ಹೊರಬೇಕಾದ ಭಾರ. ಈಗಿನ ಇನ್ವರ್ಟರ್ ಯಂತ್ರಗಳು ಕೆಲವೇ ಕಿಲೋ ತೂಗುತ್ತವೆ, ಮನೆಯ 230 ವೋಲ್ಟಿನಲ್ಲೇ ನಡೆಯುತ್ತವೆ. ಫ್ಯಾನಿನ ಪ್ಲಗ್ಗಿಗೆ ಮಾತ್ರ ಹಚ್ಚಬೇಡಿ. ದಪ್ಪ ವೈರಿನ, ಅರ್ಥಿಂಗ್ ಸರಿಯಿರುವ 16 ಆಂಪಿಯರಿನ ಸಾಕೆಟ್ ಬೇಕು, ಅದನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಹಾಕಿಸಿ. ಒದ್ದೆ ನೆಲ, ಬರಿಗಾಲು ಎರಡೂ ಕೂಡದು.

ಆದರೆ ಯಂತ್ರಕ್ಕಿಂತ ಮೊದಲು ಮುಖವಾಡ ಕೊಳ್ಳಿ. 10 ಅಥವಾ 11ನೆಯ ನಂಬರಿನ ಗಾಜು ಇರಲಿ. ರಸ್ತೆ ಬದಿಯ ಎಷ್ಟೋ ಅಂಗಡಿಗಳಲ್ಲಿ ಹದಿಹರೆಯದ ಹುಡುಗರು ಬರಿ ತಂಪು ಕನ್ನಡಕ ಹಾಕಿಕೊಂಡು, ಇಲ್ಲವೇ ಮುಖ ತಿರುವಿಕೊಂಡು ರಾಡ್ ಹಿಡಿಯುವುದನ್ನು ನೀವೂ ನೋಡಿರಬೇಕು. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಮೋಸವೆಂದರೆ, ಆ ಕ್ಷಣಕ್ಕೆ ನೋವು ಗೊತ್ತಾಗುವುದಿಲ್ಲ. ಹಲವು ಗಂಟೆ ಕಳೆದ ಮೇಲೆ, ಬಹಳ ಸಲ ಮಧ್ಯರಾತ್ರಿಯಲ್ಲಿ, ಕಣ್ಣಿಗೆ ಬಿಸಿ ಮರಳು ತೂರಿದಂತಾಗುತ್ತದೆ. ಆಗ ಆಲೂಗಡ್ಡೆ ಹೋಳು ಇಡುವುದು, ಹಾಲು ಹಾಕುವುದು ಬೇಡ. ಕಣ್ಣುಜ್ಜದೆ ವೈದ್ಯರಲ್ಲಿಗೆ ಹೋಗಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ ನಿಜ, ಆದರೆ ಮತ್ತೆ ಮತ್ತೆ ಸುಟ್ಟುಕೊಂಡ ಕಣ್ಣು ಹಾಗೇ ಉಳಿಯುತ್ತದೆಂದು ನಂಬಬೇಡಿ. ಓಣಿಯ ಮಕ್ಕಳು ಕಿಡಿ ನೋಡಲು ಗುಂಪುಗೂಡುತ್ತಾರೆ. ಅವರಿಗೂ ನಿಮಗೂ ನಡುವೆ ಒಂದು ತಗಡು ಅಡ್ಡ ನಿಲ್ಲಿಸುವುದು ನಿಮ್ಮ ಹೊಣೆ.

ಮೈಮೇಲೆ ತುಂಬುತೋಳಿನ ಹತ್ತಿಬಟ್ಟೆ, ಕೈಗೆ ಚರ್ಮದ ಗವಸು, ಕಾಲಿಗೆ ಬೂಟು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕಿಡಿ ಹಾರುವ 35 ಅಡಿಯೊಳಗೆ ಸುಡುವಂಥದ್ದೇನೂ ಇರಬಾರದೆಂದು ಸುರಕ್ಷತೆಯ ನಿಯಮ. ನಮ್ಮ ಕಡೆ ಹಿತ್ತಲಲ್ಲೇ ಕಣಿಕೆಯ ಬಣವಿ ಇರುತ್ತದಲ್ಲ, ಅದನ್ನು ನೆನಪಿಡಿ. ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಖಾಲಿ ಡೀಸೆಲ್ ಡ್ರಮ್ಮು, ಪೆಟ್ರೋಲ್ ಟ್ಯಾಂಕು ಯಾರು ತಂದರೂ ಮುಟ್ಟಬೇಡಿ. ಉಳಿದ ಆವಿಯೇ ಸಿಡಿಯಲು ಸಾಕು. ಸತುವಿನ ಲೇಪವಿರುವ ಜಿ.ಐ. ಪೈಪಿನ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ.

ಇನ್ನು ಕಲಿಯುವ ಬಗೆ. ಗುಜರಿಯಿಂದ 5 ಮಿ.ಮೀ. ದಪ್ಪದ ಪಟ್ಟಿ ತನ್ನಿ, ಜಂಗು ತಿಕ್ಕಿ ತೆಗೆಯಿರಿ. 2.5 ಮಿ.ಮೀ.ನ 6013 ರಾಡಿಗೆ 70ರಿಂದ 80 ಆಂಪಿಯರ್ ಸಾಕು. ಬೆಂಕಿಕಡ್ಡಿ ಗೀರಿದಂತೆ ರಾಡ್ ಗೀರಿ ಎತ್ತಿ. ಮೊದಮೊದಲು ಅಂಟಿಕೊಳ್ಳುತ್ತದೆ, ಎಲ್ಲರಿಗೂ ಹಾಗೇ. ರಾಡಿನ ದಪ್ಪದಷ್ಟೇ ಅಂತರ ಉಳಿಸಿಕೊಂಡರೆ ಕಾದ ಎಣ್ಣೆಯಲ್ಲಿ ಮಿರ್ಚಿ ಬಿಟ್ಟಂಥ ಚರಚರ ಸದ್ದು ಒಂದೇ ಸಮ ಬರುತ್ತದೆ. ಬೆಳಕನ್ನು ನೋಡಬೇಡಿ, ಅದರ ಕೆಳಗೆ ಕರಗಿ ನಿಂತ ಲೋಹದ ಪುಟ್ಟ ಕೊಳವನ್ನು ನೋಡಿ. ಕೊಳದ ಅಗಲ ಬದಲಾಗದಂತೆ ಕೈ ಸರಿಸುವುದೇ ಇಡೀ ವಿದ್ಯೆ. ಜೋಡಿಸುವ ಆಸೆ ಬಿಟ್ಟು ಕೆಲವು ವಾರ ಬರಿ ಗೆರೆ ಎಳೆಯಿರಿ. ಬೇಸರದ ಕೆಲಸವೇ, ಆದರೆ ಬೇರೆ ದಾರಿ ನನಗೆ ಕಂಡಿಲ್ಲ.

ಆಮೇಲೆ ಎರಡು ತುಂಡುಗಳನ್ನು ನೆಟ್ಟಗೆ ಇಟ್ಟು ಒಂದೇ ಬದಿಗೆ ಬೆಸೆದು, ಆರಿದ ಮೇಲೆ ವೈಸಿನಲ್ಲಿ ಕಚ್ಚಿಸಿ ಸುತ್ತಿಗೆಯಿಂದ ಮುರಿಯಿರಿ. ಮೇಲೆ ನೋಡಲು ಚೆಂದವಿದ್ದ ಬೆಸುಗೆಯ ಒಳಗೆ ತೂತು, ಕರಿ ಕಿಟ್ಟ ಕಾಣಬಹುದು. ಒಂದು ಬದಿ ಕರಗದೆ ಬರಿ ಅಂಟಿಕೊಂಡಿರಬಹುದು. ಕಿಟ್ಟ ಕಂಡರೆ ಕೈ ವೇಗ ಮತ್ತು ರಾಡಿನ ಓರೆ ತಿದ್ದಿಕೊಳ್ಳಿ. ಬರಿ ಅಂಟಿದ್ದರೆ ಆಂಪಿಯರ್ ಸ್ವಲ್ಪ ಏರಿಸಿ. ಹೀಗೆ ಮುರಿದ ತುಂಡುಗಳು ಚೊಕ್ಕಟವಾಗಿ ಕಾಣತೊಡಗಿದ ಮೇಲೆ ಕೊಡ ಇಡುವ ಸ್ಟ್ಯಾಂಡು, ಪುಸ್ತಕದ ಕಪಾಟು ಮಾಡಿ. ತೆಳು ಚೌಕ ಪೈಪು ತೂತು ಬೀಳುತ್ತದೆ, ಅದಕ್ಕೆ ಇನ್ನಷ್ಟು ತಾಳ್ಮೆ ಬೇಕು. ಏಣಿ, ಮಕ್ಕಳ ಜೋಕಾಲಿ, ಟ್ರ್ಯಾಕ್ಟರ್ ಟ್ರಾಲಿಯ ಕೊಂಡಿ, ಇವುಗಳನ್ನು ಸದ್ಯಕ್ಕೆ ನುರಿತ ವೆಲ್ಡರಿಗೇ ಬಿಡಿ.