ನಾಯಿಯ ಬೆಲೆ: ಆಸ್ತಿಯೋ, ಹೊಣೆಯೋ?



ಎಷ್ಟು ಹಣ ಕೊಟ್ಟರೆ ಮನೆಯ ನಾಯಿಯನ್ನು ಮಾರಬಹುದು? ಈ ಪ್ರಶ್ನೆಯನ್ನು ನಾಯಿ ಸಾಕಿದ ಯಾವ ಕುಟುಂಬದ ಮುಂದಿಟ್ಟರೂ ಬರುವ ಉತ್ತರ ಒಂದೇ: ಕೋಟಿ ಕೊಟ್ಟರೂ ಮಾರುವುದಿಲ್ಲ. ಆ ಉತ್ತರದಲ್ಲಿ ಕಪಟವಿಲ್ಲ. ಆದರೆ ಅದಕ್ಕೆ ಖರ್ಚೂ ಇಲ್ಲ. ಮನೆಯ ಸಾಮಾನ್ಯ ನಾಯಿಗಾಗಿ ಕೋಟಿ ಹಿಡಿದು ಬರುವ ಗಿರಾಕಿ ಎಲ್ಲಿದ್ದಾನೆ? ಬಾರದ ಗಿರಾಕಿಯನ್ನು ಹಿಂದಕ್ಕೆ ಕಳಿಸುವುದು ತ್ಯಾಗವೆನಿಸಿಕೊಳ್ಳದು. ಲೆಕ್ಕ ಪರಿಶೋಧಿಸುವವನು ಯಜಮಾನನ ಮಾತನ್ನು ಕೇಳಿ ಸುಮ್ಮನಾಗುವುದಿಲ್ಲ. ಪುಸ್ತಕವನ್ನು ತೆರೆದು ನಮೂದುಗಳನ್ನು ನೋಡುತ್ತಾನೆ. ನಾಯಿಯ ವಿಷಯದಲ್ಲಿಯೂ ಪುಸ್ತಕವನ್ನು ತೆರೆದೇ ನೋಡಬೇಕು.

ಮೊದಲು ಸರಕಾರದ ಪುಸ್ತಕ. 1860ರ ಭಾರತೀಯ ದಂಡ ಸಂಹಿತೆಯ 428ನೆಯ ಕಲಮು ಪ್ರಾಣಿಯನ್ನು ಕೊಲ್ಲುವ ಅಪರಾಧಕ್ಕೆ ಶಿಕ್ಷೆ ಹೇಳುವಾಗ ಒಂದು ಷರತ್ತನ್ನು ಇಟ್ಟಿತ್ತು: ಆ ಪ್ರಾಣಿಯ ಬೆಲೆ ಕನಿಷ್ಠ 10 ರೂಪಾಯಿ ಇರಬೇಕು. 429ನೆಯ ಕಲಮಿನಲ್ಲಿ ಆನೆ, ಕುದುರೆ, ಎಮ್ಮೆ, ಹಸು, ಎತ್ತು ಮುಂತಾದವುಗಳಿಗೆ ಬೆಲೆಯ ಹಂಗಿರಲಿಲ್ಲ. ನಾಯಿ ಆ ಸಾಲಿನಲ್ಲಿರಲಿಲ್ಲವಾದ್ದರಿಂದ ಹೆಚ್ಚಿನ ಶಿಕ್ಷೆಗೆ ಅದು 50 ರೂಪಾಯಿ ಬಾಳಬೇಕಿತ್ತು. ಅಂದರೆ ಜೀವಕ್ಕೆ ರಕ್ಷಣೆ ದೊರೆಯುತ್ತಿದ್ದುದು ಪೇಟೆಯಲ್ಲಿ ಅದಕ್ಕೊಂದು ದರವಿದೆ ಎಂಬ ಕಾರಣದಿಂದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಈ ಬೆಲೆಯ ಷರತ್ತನ್ನು ತೆಗೆದುಹಾಕಿದೆ. ಆ ಸಂಹಿತೆಯ ಬಗ್ಗೆ ಯಾರ ರಾಜಕೀಯ ಅಭಿಪ್ರಾಯ ಏನೇ ಇರಲಿ, ಈ ಒಂದು ತಿದ್ದುಪಾಡು ಸ್ವಾಗತಾರ್ಹ.

ತೆರಿಗೆಯ ಪುಸ್ತಕವಾದರೋ ಇನ್ನೂ ನಿರ್ಮಮ. 1961ರ ಆದಾಯ ತೆರಿಗೆ ಕಾಯ್ದೆಯ 36(1)(vi) ಕಲಮಿನ ಪ್ರಕಾರ, ವ್ಯಾಪಾರಕ್ಕೆ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಕೊಂಡ ಬೆಲೆಯಿಂದ ಅದರ ಶವಕ್ಕೆ ಅಥವಾ ಆ ಪ್ರಾಣಿಗೆ ಬಂದ ಹಣವನ್ನು ಕಳೆದು ಉಳಿದದ್ದನ್ನು ನಷ್ಟವೆಂದು ತೋರಿಸಬಹುದಿತ್ತು. ಕಾವಲಿಗೆ ನಿಂತ ಒಂದು ಜೀವದ ಆಯುಷ್ಯವೆಲ್ಲ ಇಲ್ಲಿ ಒಂದೇ ಸಾಲಿನ ಕಳೆಯುವ ಲೆಕ್ಕ. ಕಾಯ್ದೆಯನ್ನು ದೂಷಿಸಿ ಪ್ರಯೋಜನವಿಲ್ಲ. ಅದು ಹಣವನ್ನು ಅಳೆಯಲು ಹುಟ್ಟಿದ್ದು, ಹಣವನ್ನೇ ಅಳೆಯುತ್ತದೆ.

ಇನ್ನು ಶಾಸ್ತ್ರದ ಪುಸ್ತಕ. ಪರಿಗ್ರಹ ಪರಿಮಾಣ ವ್ರತದ ಪ್ರಸಂಗದಲ್ಲಿ ತತ್ತ್ವಾರ್ಥಸೂತ್ರವು ಎಣಿಸುವ ‘ಧನ’ ಎಂಬ ಪದಕ್ಕೆ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯು ಗೋವು ಮೊದಲಾದ ಪಶುಗಳೆಂದೇ ಅರ್ಥ ಹೇಳುತ್ತದೆ. ಪಶುವನ್ನು ಸೊತ್ತೆಂದು ಎಣಿಸುವ ಲೋಕವ್ಯವಹಾರವನ್ನು ಆಚಾರ್ಯರು ಅರಿಯದವರಲ್ಲ. ಆದರೆ ಅಹಿಂಸಾಣುವ್ರತದ ಐದು ಅತಿಚಾರಗಳಾದ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವೆಲ್ಲವೂ ಮನುಷ್ಯನ ಕೈಗೆ ಸಿಕ್ಕ ಜೀವಿಯ ಕುರಿತಾದವು. ಸೊತ್ತು ಎಂದು ಬರೆದುಕೊಂಡವನ ಮೇಲೆಯೇ ಕರ್ತವ್ಯದ ಭಾರವನ್ನೂ ಹೊರಿಸಲಾಗಿದೆ. 12ನೆಯ ಶತಮಾನದಲ್ಲಿ ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಉದ್ಯೋಗಗಳನ್ನು ಹೇಳುವಾಗ ‘ಅಸತೀಪೋಷಣ’ವನ್ನು ಸೇರಿಸಿದರು. ಗಿಳಿ, ಬೆಕ್ಕು, ನಾಯಿ, ನವಿಲುಗಳನ್ನೂ ದಾಸಿಯರನ್ನೂ ಹಣಕ್ಕಾಗಿ ಪೋಷಿಸುವುದೇ ಅದರ ಅರ್ಥ. ನಾಯಿಮರಿಯ ವ್ಯಾಪಾರವನ್ನು ಮನುಷ್ಯರ ವ್ಯಾಪಾರದೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸಿದ ಆ ದೃಷ್ಟಿಯ ಮುಂದೆ ಇಂದಿನ ಸಮಾಜ ತಲೆತಗ್ಗಿಸಬೇಕಾಗಿದೆ. ಮಾರುವುದಿಲ್ಲ ಎಂದು ಪ್ರತಿಜ್ಞೆ ಮಾಡುವ ಎಷ್ಟೋ ಮನೆಗಳು ಜಾತಿನಾಯಿಯ ಮರಿಯನ್ನು ಹಣ ಕೊಟ್ಟೇ ತಂದಿವೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ಸಾಕಣೆದಾರನು ನೋಂದಣಿ ಮಾಡಿಸಿರಬೇಕು ಎಂದು 2017ರ ನಿಯಮಗಳು ವಿಧಿಸಿವೆ. ಮರಿ ಕೊಳ್ಳುವಾಗ ನೋಂದಣಿ ಪತ್ರವನ್ನು ಕೇಳಿದವರೆಷ್ಟು ಮಂದಿ? ಅದರ ತಾಯಿ ಎಲ್ಲಿದೆ, ಹೇಗಿದೆ ಎಂದು ವಿಚಾರಿಸಿದವರೆಷ್ಟು ಮಂದಿ?

ಹಣಕ್ಕಿಂತ ಹಿರಿದಾದ ಲೆಕ್ಕವೂ ಈ ನಾಡಿನಲ್ಲಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಶಕವರ್ಷ 872ರದು, ಅಂದರೆ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಬೇಕಾದುದನ್ನು ಬೇಡೆಂದಾಗ ಆ ಗಂಗ ಸೇನಾನಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೇಟೆಯಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ; ಆ ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು. ಜೈನ ದೃಷ್ಟಿಯಿಂದ ನೋಡಿದರೆ ಇಲ್ಲಿ ಮರೆಯಬಾರದ ಇನ್ನೊಂದು ಮಾತಿದೆ: ಪ್ರೀತಿಸಿದವನೇ ಕಾಳಿಯನ್ನು ಹಂದಿಯ ಮೇಲೆ ಛೂ ಬಿಟ್ಟವನು. ಮಾರದೆ ಇದ್ದ ಮಾತ್ರಕ್ಕೆ ಒಡೆಯನ ಕರ್ತವ್ಯ ಮುಗಿಯಲಿಲ್ಲ. ವ್ಯಾಸಭಾರತದ ಮಹಾಪ್ರಸ್ಥಾನ ಪರ್ವದಲ್ಲಿ ಧರ್ಮರಾಯನ ಮುಂದೆ ಇಂದ್ರನು ಇಟ್ಟದ್ದು ಸ್ವರ್ಗವನ್ನು. ಅದಕ್ಕಿಂತ ದೊಡ್ಡ ಮೊತ್ತ ಇನ್ನಿಲ್ಲ. ಇಂದ್ರನು ಕೂಡ ನಾಯಿಯನ್ನು ಮಾರು ಎನ್ನಲಿಲ್ಲ, ಬಿಟ್ಟುಬಿಡು ಎಂದನು. ನಂಬಿ ಬಂದುದನ್ನು ಬಿಡಲೊಲ್ಲೆನೆಂದು ಧರ್ಮರಾಯ ಅಲ್ಲಿಯೇ ನಿಂತನು.

ನಿಜವಾದ ವಿಷಯವಿರುವುದು ಈ ‘ಬಿಡು’ ಎಂಬ ಮಾತಿನಲ್ಲಿ. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ನಾಯಿಯನ್ನು ಕೊಳ್ಳಲು ಯಾರೂ ಬರುವುದಿಲ್ಲ. ಬರುವುದು ವರ್ಗಾವಣೆಯ ಆದೇಶ, ಹೊಸ ಫ್ಲ್ಯಾಟಿನ ಕರಾರು, ಮಗಳ ಪರೀಕ್ಷೆ, ವಿದೇಶದ ನೌಕರಿ, ಪಶುವೈದ್ಯರ ಬಿಲ್ಲು. ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮುದಿನಾಯಿಗೆ ಔಷಧಕ್ಕೆ ತಿಂಗಳಿಗೆ 4,000 ರೂಪಾಯಿ ಬೇಕು. ಒಂದು ಬೆಳಗ್ಗೆ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಊರಾಚೆಯ ಹೆದ್ದಾರಿಯ ಬದಿಯಲ್ಲಿ ಇಳಿಸಿ ಬರುತ್ತಾರೆ. ಆ ಮನೆಯವರು ನಾಯಿಯನ್ನು ಮಾರಲಿಲ್ಲವೆಂದೇ ಹೇಳಿಕೊಳ್ಳುತ್ತಾರೆ. ಪುಸ್ತಕ ಬೇರೆ ಹೇಳುತ್ತದೆ: ಉಳಿಸಿಕೊಂಡ ಖರ್ಚು ಬಂದ ಹಣಕ್ಕೆ ಸಮ. ಅವರು ತಿಂಗಳಿಗೆ 4,000 ರೂಪಾಯಿಗೆ ನಾಯಿಯನ್ನು ಮಾರಿದ್ದಾರೆ. ಕೊಂಡವರು ಯಾರೂ ಇಲ್ಲದ ಕಾರಣ ನಾಯಿ ಹಸಿವಿನ ಪಾಲಾಗಿದೆ. ಕೋಟಿಗೂ ಮಾರೆನೆಂದ ಬಾಯಿಯೇ ಸಾವಿರಗಳಿಗೆ ಒಪ್ಪಿಕೊಂಡಿದೆ.

ಹಾಗಾದರೆ ದೋಷವೆಲ್ಲಿ? ನಮೂದು ತಪ್ಪು ಬದಿಯಲ್ಲಿದೆ. ಅಢಾವೆ ಪತ್ರಿಕೆಗೆ ಎರಡು ಬದಿ: ಒಂದರಲ್ಲಿ ಆಸ್ತಿ, ಇನ್ನೊಂದರಲ್ಲಿ ಹೊಣೆ. ಆಸ್ತಿಯನ್ನು ಬೇಕೆಂದಾಗ ಮಾರಬಹುದು, ನಿರುಪಯುಕ್ತವಾದಾಗ ಬರೆದುಹಾಕಬಹುದು. ಹೊಣೆಯನ್ನು ಮಾರಲಾಗದು, ತೀರಿಸಬೇಕು. ಮಗು ಕೇಳಿತೆಂದು, ಕಾವಲಿಗೆ ಬೇಕೆಂದು, ನೆರೆಮನೆಯಲ್ಲಿದೆಯೆಂದು ನಾಯಿಯನ್ನು ತಂದಾಗ ಅದನ್ನು ಆಸ್ತಿಯ ಬದಿಗೆ ಬರೆದರು. ಆದುದರಿಂದಲೇ ಮುಪ್ಪಿನಲ್ಲಿ ಅದು ನಷ್ಟವಾಗಿ ಕಂಡಿತು. ಮನೆಯೊಳಗೆ ಕರೆತಂದ ದಿನವೇ ಹತ್ತು ಹನ್ನೆರಡು ವರ್ಷಗಳ ಆಹಾರ, ಲಸಿಕೆ, ಚಿಕಿತ್ಸೆ, ಸಮಯಗಳ ಸಾಲವನ್ನು ಬರೆದುಕೊಟ್ಟಂತೆ ಎಂದು ತಿಳಿದಿದ್ದರೆ, ಎಷ್ಟಕ್ಕೆ ಮಾರಬಹುದು ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಸಾಲ ಕೊಟ್ಟವನಿಗೆ ಬಾಯಿಲ್ಲವೆಂದು ಸಾಲ ಮನ್ನಾ ಆಗುವುದಿಲ್ಲ.

ನಾಯಿಗೆ ಮಾಂಸಾಹಾರ ಬೇಕಾದೀತು, ಜೈನರ ಮನೆಗೆ ಅದು ಸಲ್ಲದು ಎಂದು ಕೆಲವರು ಆಕ್ಷೇಪಿಸುವುದುಂಟು. ಗಂಭೀರವಾದ ಆಕ್ಷೇಪವೇ ಸರಿ. ಆದರೆ ಅದು ನಾಯಿಯನ್ನು ತರುವ ಮುನ್ನ ಎತ್ತಬೇಕಾದ ಮಾತು. ಮೂರು ವರ್ಷ ಸಾಕಿದ ಮೇಲೆ ನೆನಪಾಗುವ ಧರ್ಮಕ್ಕೆ ನೆವವೆಂಬುದೇ ಸರಿಯಾದ ಹೆಸರು. ಹೌಸಿಂಗ್ ಸೊಸೈಟಿ ಒಪ್ಪುವುದಿಲ್ಲ ಎಂಬುದು ಇನ್ನೊಂದು ನೆವ. ಬಹುಮತದ ನಿರ್ಣಯದಿಂದಲೂ ನಿವಾಸಿಗಳ ಸಂಘವು ಸಾಕುನಾಯಿಯನ್ನು ನಿಷೇಧಿಸಲಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿಯೇ ತಿಳಿಸಿದೆ.

ರಾಜಕಾರಣದ ಮಾತನ್ನೂ ಆಡಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಹೆದ್ದಾರಿಯ ಟೋಲ್ ಕಟ್ಟುವುದಕ್ಕಿಂತ ಹೆದ್ದಾರಿಯಲ್ಲಿ ನಾಯಿ ಬಿಡುವುದು ಅಗ್ಗ. ಹಾಗೆ ಬಿಟ್ಟ ನಾಯಿಗಳು ಬೀದಿಯ ನಾಯಿಗಳ ಸಂಖ್ಯೆಯನ್ನು ಸೇರುತ್ತವೆ; ಕಚ್ಚಿಸಿಕೊಳ್ಳುವವರು ಕಾರಿನಲ್ಲಿ ಓಡಾಡುವವರಲ್ಲ, ಫುಟ್‌ಪಾತಿನಲ್ಲಿ ಮಲಗುವವರ ಮಕ್ಕಳು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು, ರೇಬೀಸ್ ತಗುಲಿದವು ಮತ್ತು ಆಕ್ರಮಣಕಾರಿಯಾದವುಗಳ ಹೊರತು, ಹಿಡಿದ ಸ್ಥಳಕ್ಕೇ ಮರಳಿಸಬೇಕೆಂದಿತು. ಇಡೀ ದೇಶ ನಾಯಿಪ್ರಿಯರು, ನಾಯಿದ್ವೇಷಿಗಳು ಎಂದು ಇಬ್ಭಾಗವಾಗಿ ಕೂಗಾಡಿತು. ನಾಯಿಯನ್ನು ತೊರೆದವನ 50 ರೂಪಾಯಿಯ ದಂಡವನ್ನು ಕುರಿತ ಮಾತು ಆ ಕೂಗಿನಲ್ಲಿ ಮುಳುಗಿತು. ಪರ್ವದಿನಗಳಲ್ಲಿ ಕಸಾಯಿಖಾನೆ ಮುಚ್ಚಿಸಲು ಮನವಿಪತ್ರ ಹಿಡಿದು ಹೋಗುವ ಸಮಾಜವು ಈ ದಂಡವನ್ನು ಹೆಚ್ಚಿಸಬೇಕೆಂದೂ, ನಗರಪಾಲಿಕೆಗಳು ಸಂತಾನಹರಣ ಚಿಕಿತ್ಸೆಗೆ ಮೀಸಲಿಟ್ಟ ಹಣದ ಲೆಕ್ಕ ಕೊಡಬೇಕೆಂದೂ ಅಷ್ಟೇ ಉತ್ಸಾಹದಿಂದ ಕೇಳಬೇಕು. ಜೀವದಯೆಯ ಹೆಸರಿನಲ್ಲಿ ಬೋಲಿಯಿಂದ ಕೂಡಿಬಂದ ಹಣದಲ್ಲಿ ಒಂದು ಪಾಲು, ಮುದಿಯಾದ ಮತ್ತು ತೊರೆಯಲ್ಪಟ್ಟ ನಾಯಿಗಳ ಆರೈಕೆಗೆ ಸಲ್ಲಬೇಕು. ಊರು ಬಿಡಲೇಬೇಕಾದ ಕುಟುಂಬದ ನಾಯಿಗೆ ಇನ್ನೊಂದು ಶ್ರಾವಕ ಕುಟುಂಬವನ್ನು ಹುಡುಕಿಕೊಡುವ ಕೆಲಸವನ್ನು ಪ್ರತಿ ನಗರದ ಸಂಘವೂ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಬೇಕಾದುದು ಒಂದು ದೂರವಾಣಿ, ಇಬ್ಬರು ಸ್ವಯಂಸೇವಕರು.

ಭಾಸ್ಕರಕವಿ 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಕಥೆ ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳಿದನು. ಅದು ಸುದರ್ಶನ ಯಕ್ಷನಾಗಿ ಹುಟ್ಟಿತು. ಯಕ್ಷನು ಮುಂದೆ ಮಾಡಿದ ಉಪಕಾರವನ್ನೇ ಸಮಾಜ ಹೆಚ್ಚಾಗಿ ನೆನೆಯುತ್ತದೆ. ಆದರೆ ನಾಯಿಯ ಪಕ್ಕದಲ್ಲಿ ಜೀವಂಧರನು ಕುಳಿತಾಗ ಅವನಿಗೆ ಯಕ್ಷನ ವಿಷಯ ತಿಳಿದಿರಲಿಲ್ಲ. ಆ ನಾಯಿ ಅವನದೂ ಅಲ್ಲ, ಅದರಿಂದ ಅವನಿಗೆ ಲಾಭವೂ ಕಾಣುತ್ತಿರಲಿಲ್ಲ. ಬೀದಿಯಲ್ಲಿ ಸಾಯುವ ಪರರ ನಾಯಿಗೆ ಅಷ್ಟು ಸಂದರೆ, ಹತ್ತು ವರ್ಷ ಬಾಗಿಲು ಕಾದ ಸ್ವಂತ ನಾಯಿಗೆ ಎಷ್ಟು ಸಲ್ಲಬೇಕು? ಈ ಬಾಕಿಯನ್ನು ಪ್ರತಿ ಮನೆಯೂ ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಳ್ಳಬೇಕು.