ಎಸೆಯುವ ಮುಂಚೆ ಒಮ್ಮೆ ಬಿಚ್ಚಿ ನೋಡಿ



ನೀವು ಶಾಲೆಯಲ್ಲಿ ‘ಸ್ಟೋಫ್‌ಝೈಗರ್’ ಅನ್ನುತ್ತೀರಲ್ಲ, ಅದನ್ನು ಬಿಡಿಸಿದರೆ ‘ಧೂಳು ಹೀರುವುದು’. ಇಲ್ಲಿನ ಕ್ರಿಂಗ್‌ಲೋಪ್ ಅಂಗಡಿಗಳಲ್ಲಿ ಕಣ್ಣಿಟ್ಟು ಹುಡುಕಿದರೆ ಫಿಲಿಪ್ಸ್, ಎರ್ರೆಸ್, ಹಾಲೆಂಡ್ ಎಲೆಕ್ಟ್ರೋ ಹೆಸರಿನ ಹಳೆಯ ಯಂತ್ರಗಳು ಸಿಕ್ಕಾವು. ಅವನ್ನು ಕೂಡಿಟ್ಟು ರಿಪೇರಿ ಮಾಡುವ ಹವ್ಯಾಸಿಗಳೂ ಇದ್ದಾರೆ.

ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಎರಡು ಕಾರ್ಬನ್ ತುಂಡುಗಳು. ಅವು ಸವೆದರೆ ಕಿಡಿ ಹಾರುತ್ತದೆ, ಕೊನೆಗೆ ಯಂತ್ರ ನಿಲ್ಲುತ್ತದೆ. ಕೆಟ್ಟಿತು ಎಂದು ಜನ ಎಸೆಯುತ್ತಾರೆ. ಅಳತೆಗೆ ತಕ್ಕ ಹೊಸ ಜೋಡಿ ಹಾಕಿದರೆ ಎಷ್ಟೋ ಸಲ ಅದು ಮತ್ತೆ ಓಡುತ್ತದೆ.

ಆದರೆ ಎಚ್ಚರ! ಹಿಂದೆ ಈ ದೇಶದ ಹಲವು ಊರುಗಳಲ್ಲಿ 127 ವೋಲ್ಟ್ ಇತ್ತು. ಅಂಥ ಯಂತ್ರವನ್ನು ಇಂದಿನ 230 ವೋಲ್ಟಿಗೆ ಹಾಕಿದರೆ ಮೋಟಾರು ಸುಟ್ಟೀತು. ಮೊದಲು ಮೈಮೇಲಿನ ತಗಡಿನ ಪಟ್ಟಿಯಲ್ಲಿರುವ ಅಂಕಿ ಓದಿ. ವೈರಿನ ರಬ್ಬರು ಬಿರಿದಿದ್ದರೆ ಪ್ಲಗ್ ಹಾಕಲೇಬೇಡಿ.

ಒಬ್ಬರೇ ಕೈ ಹಾಕುವುದೂ ಬೇಡ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದ ರಿಪೇರಿ ಕೆಫೆ ಈಗ ಊರೂರಿಗೆ ಹರಡಿದೆ. ಅಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂರುವವರಲ್ಲಿ ಅನೇಕರು ವಯಸ್ಸಾದವರು. ಆ ಕೈಗಳ ಪಳಗಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೋದಾಗ ‘ಮಾಡಿಕೊಡಿ’ ಅನ್ನಬೇಡಿ, ‘ಹೇಳಿಕೊಡಿ’ ಅನ್ನಿ.